ಏಳರ ಪಾಳಿಗೆ ಯಾರು?

ಇಂಗ್ಲೆಂಡಿನ ಯಾವುದೋ ಊರಿನ ವೃದ್ಧಾಶ್ರಮ ಎಂದಿಟ್ಟುಕೊಳ್ಳಿ. ಬೆಳಗಿನ ಆರು ಗಂಟೆ. ಏಳರ ಪಾಳಿಗೆ ಬರಬೇಕಿದ್ದ ಇಬ್ಬರಲ್ಲಿ ಒಬ್ಬರಿಗೆ ಜ್ವರ. ಹಿರಿಯರನ್ನು ಎಬ್ಬಿಸಿ, ಮುಖ ತೊಳೆಸಿ, ಮಾತ್ರೆ ಕೊಡುವ ಕೆಲಸ ಯಾರಿಗೂ ಕಾಯುವುದಿಲ್ಲ. ಮ್ಯಾನೇಜರ್ ಫೋನ್ ಎತ್ತಲೇಬೇಕು.

ಇಂಥ ಕರೆಗಳ ಮೇಲೆಯೇ ಅಲ್ಲಿ ಒಂದು ಉದ್ದಿಮೆ ನಿಂತಿದೆ. 2021–22ರಲ್ಲಿ ಇಂಗ್ಲೆಂಡಿನ ವಯಸ್ಕರ ಆರೈಕೆ ಕ್ಷೇತ್ರದಲ್ಲಿ ಅಂದಾಜು 1,65,000 ಹುದ್ದೆಗಳು ಖಾಲಿ ಬಿದ್ದಿದ್ದವು. ಕೊರತೆ ನೀಗಿಸಲು ಏಜೆನ್ಸಿಯ ತಾತ್ಕಾಲಿಕ ಸಿಬ್ಬಂದಿಯೇ ಬೇಕು. ಹತ್ತಾರು ಏಜೆನ್ಸಿ, ಒಂದೊಂದಕ್ಕೂ ಒಂದೊಂದು ದರ, ತಿಂಗಳಾದರೆ ಬಿಲ್ಲುಗಳ ರಾಶಿ. ಬೇಸತ್ತ ಕೌನ್ಸಿಲ್‌ಗಳು, ಅಂದರೆ ಅಲ್ಲಿನ ಸ್ಥಳೀಯ ಆಡಳಿತಗಳು, ಜನ ಹುಡುಕುವ ಕೆಲಸವನ್ನೇ ಹೊರಗುತ್ತಿಗೆಗೆ ಕೊಟ್ಟವು. ಹೊರಗುತ್ತಿಗೆ ಎಂದರೆ ನಮಗೆ ಕಚೇರಿಯ ಡೇಟಾ ಎಂಟ್ರಿ ಆಪರೇಟರ್ ನೆನಪಾಗುತ್ತಾರೆ. ಅಲ್ಲಿ ಗುತ್ತಿಗೆದಾರರನ್ನು ನೋಡಿಕೊಳ್ಳಲೂ ಒಬ್ಬ ಗುತ್ತಿಗೆದಾರ!

ಇದರಲ್ಲಿ ಎರಡು ಬಗೆ. 'ಮಾಸ್ಟರ್ ವೆಂಡರ್' ಮೊದಲು ತನ್ನ ಜನರನ್ನೇ ಕಳಿಸಿ, ಸಾಲದಿದ್ದರೆ ಬೇರೆ ಏಜೆನ್ಸಿಗಳನ್ನು ಕರೆಯುತ್ತದೆ. 'ನ್ಯೂಟ್ರಲ್ ವೆಂಡರ್' ಯಾರನ್ನೂ ಕಳಿಸುವುದಿಲ್ಲ. ಬೇಡಿಕೆಯನ್ನು ಕಂಪ್ಯೂಟರ್ ಮೂಲಕ ಏಜೆನ್ಸಿಗಳಿಗೆ ಹಂಚಿ, ಕೆಲಸದ ಗಂಟೆಗಳ ಲೆಕ್ಕವಿಟ್ಟು, ಎಲ್ಲಕ್ಕೂ ಸೇರಿಸಿ ಒಂದೇ ಬಿಲ್ ಕೊಟ್ಟು ಶುಲ್ಕ ಪಡೆಯುತ್ತದೆ. ಲೆಕ್ಕಪತ್ರದವರಿಗೆ ಹಾಯೆನಿಸುವ ಏರ್ಪಾಡು.

ಲೆಕ್ಕ ಸುಲಭವಾಯಿತು, ನಿಜ. ಆದರೆ ಬಂದವರು ಆ ಆಶ್ರಮಕ್ಕೆ ಹೊಸಬರೇ. ನುಂಗಲು ಕಷ್ಟಪಡುವ ಅಜ್ಜಿಗೆ ಚಹಾವನ್ನು ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡಬೇಕೆಂಬುದು ಬಿಲ್ಲಿನಲ್ಲಿ ಇರುವುದಿಲ್ಲ. ಪಾಳಿ ಬದಲಾಗುವಾಗ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಕೋವಿಡ್ ಕಾಲದಲ್ಲಿ ಇನ್ನೊಂದು ಅಪಾಯ ಬಯಲಾಯಿತು. ಹೊರಗಿನ ಸಿಬ್ಬಂದಿಯನ್ನು ಹೆಚ್ಚುಕಡಿಮೆ ದಿನವೂ ಕರೆಸಿಕೊಳ್ಳುವ ಆಶ್ರಮಗಳಲ್ಲೇ ಸೋಂಕು ಹೆಚ್ಚಿತ್ತೆಂದು 2020ರ 'ವಿವಾಲ್ಡಿ' ಅಧ್ಯಯನ ಕಂಡುಕೊಂಡಿತು.

ಮಕ್ಕಳ ರಕ್ಷಣೆಯ ಕಡೆ ಕಗ್ಗಂಟು ಇನ್ನೂ ಬಿಗಿ. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮಕ್ಕಳ ಮತ್ತು ಕುಟುಂಬಗಳ ಸಮಾಜ ಕಾರ್ಯಕರ್ತರಲ್ಲಿ ನೂರಕ್ಕೆ ಸುಮಾರು 18 ಮಂದಿ ಏಜೆನ್ಸಿಯವರು. ಕಾಯಂ ಕೆಲಸ ಬಿಟ್ಟವರು ಹೆಚ್ಚಿನ ದರಕ್ಕೆ ಪಕ್ಕದ ಕೌನ್ಸಿಲ್‌ನಲ್ಲಿ ಪ್ರತ್ಯಕ್ಷ! ಕಡೆಗೆ ಸರ್ಕಾರವೇ ಕೈಹಾಕಿತು. 2024ರ ಅಕ್ಟೋಬರ್ 31ರಿಂದ ಹೊಸ ನಿಯಮಗಳು ಬಂದವು. ಹೀಗೆ ಬಿಟ್ಟವರನ್ನು ಅದೇ ಪ್ರದೇಶದಲ್ಲಿ ಏಜೆನ್ಸಿ ಮೂಲಕ ತೆಗೆದುಕೊಳ್ಳಲು ಮೂರು ತಿಂಗಳು ಕಾಯಬೇಕು, ಆಯಾ ಪ್ರದೇಶದ ಕೌನ್ಸಿಲ್‌ಗಳು ಸೇರಿ ದರದ ಮಿತಿ ಒಪ್ಪಿಕೊಳ್ಳಬೇಕು. ಮಧ್ಯವರ್ತಿಯೊಬ್ಬನೇ ಬೆಲೆಗೆ ಕಡಿವಾಣ ಹಾಕಲಾರ ಎಂಬುದನ್ನು ಒಪ್ಪಿಕೊಂಡಂತೆಯೇ ಇದು.

ವೃದ್ಧಾಶ್ರಮದ ಮ್ಯಾನೇಜರಿಗಂತೂ ಯಾವ ಗುತ್ತಿಗೆಯೂ ಹೊಣೆಯನ್ನು ಇಳಿಸುವುದಿಲ್ಲ. ಬಂದವರು ಆ ಕೆಲಸಕ್ಕೆ ತಕ್ಕವರೇ ಎಂದು ಖಚಿತಪಡಿಸಿಕೊಳ್ಳುವುದು, ಅಲ್ಲಿನ ಆರೋಗ್ಯ ಮತ್ತು ಆರೈಕೆ ಸೇವೆಗಳ 2014ರ ನಿಯಮಾವಳಿಯ 19ನೇ ನಿಯಮದಂತೆ, ಆಶ್ರಮ ನಡೆಸುವವರ ಕೆಲಸ. ಎಡವಟ್ಟಾದರೆ ತಪಾಸಣೆಯವರು ಮೊದಲು ತಟ್ಟುವುದೂ ಆಶ್ರಮದ ಬಾಗಿಲನ್ನೇ.