ಗರ್ಭಿಣಿಯರಿಗೆ ಯಾವುದು ಹಿತ: ಯೋಗವೋ, ಪಿಲಾಟೆಸೋ?

ಅಕ್ಕಿಆಲೂರು: ಕುಬಸದ ಶಾಸ್ತ್ರ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಪದ್ಧತಿ ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಈ ಭಾಗದಲ್ಲಿ ಇಂದಿಗೂ ಉಳಿದಿದೆ. ಬೆಂಗಳೂರು, ಹುಬ್ಬಳ್ಳಿಯಲ್ಲಿ ನೆಲೆಸಿದ ಹೆಣ್ಣುಮಕ್ಕಳೂ ಇದಕ್ಕೆ ಹೊರತಲ್ಲ. ಮಹಾನಗರದಲ್ಲಿದ್ದಾಗ ಗರ್ಭಿಣಿಯ ಮುಂದೆ ಯೋಗ ಮತ್ತು ಪಿಲಾಟೆಸ್ ಎಂಬ ಎರಡು ಆಯ್ಕೆಗಳಿರುತ್ತವೆ. ಆದರೆ ಅಲ್ಲಿ ಆರಂಭಿಸಿದ ಅಭ್ಯಾಸವನ್ನು ಕೊನೆಯ ಮೂರು ತಿಂಗಳು ತವರಿನಲ್ಲಿ ಮುಂದುವರಿಸಲು ಸಾಧ್ಯವೇ ಎಂಬ ಪ್ರಶ್ನೆ ಆಯ್ಕೆಯ ಹೊತ್ತಿನಲ್ಲಿ ಹಲವರಿಗೆ ಹೊಳೆಯುವುದಿಲ್ಲ.

ಗರ್ಭಿಣಿಗೆ ವಿಶ್ರಾಂತಿಯೊಂದೇ ಸಾಕು ಎಂಬ ನಂಬಿಕೆಯನ್ನು ವೈದ್ಯಶಾಸ್ತ್ರ ಈಗ ಒಪ್ಪುವುದಿಲ್ಲ. ಬೇರೆ ತೊಂದರೆಗಳಿಲ್ಲದ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘಟನೆಯು ತನ್ನ ಸಲಹೆಯಲ್ಲಿ, ಗರ್ಭಾವಸ್ಥೆಗೆ ತಕ್ಕಂತೆ ಮಾರ್ಪಡಿಸಿದ ಯೋಗ ಹಾಗೂ ಪಿಲಾಟೆಸ್ ಎರಡನ್ನೂ ಸುರಕ್ಷಿತ ವ್ಯಾಯಾಮಗಳ ಸಾಲಿಗೆ ಸೇರಿಸಿದೆ.

ಎರಡರ ಹಿನ್ನೆಲೆ

‘ಮಾರ್ಪಡಿಸಿದ’ ಎಂಬ ಪದ ಇಲ್ಲಿ ಮುಖ್ಯ. ಏಕೆಂದರೆ ಈ ಎರಡೂ ಪದ್ಧತಿಗಳು ಮೂಲತಃ ಗರ್ಭಿಣಿಯರಿಗಾಗಿ ರೂಪುಗೊಂಡವಲ್ಲ. ಜರ್ಮನಿಯಲ್ಲಿ 1883ರಲ್ಲಿ ಜನಿಸಿದ ಜೋಸೆಫ್ ಪಿಲಾಟೆಸ್, ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಬಂಧನ ಶಿಬಿರದಲ್ಲಿದ್ದಾಗ ತಮ್ಮ ವ್ಯಾಯಾಮ ಕ್ರಮವನ್ನು ಬೆಳೆಸಿದರು. ಮುಂದೆ ನ್ಯೂಯಾರ್ಕ್‌ನಲ್ಲಿ ಅದನ್ನು ಕಲಿಸಿದರು. ಹೊಟ್ಟೆ, ಬೆನ್ನು ಮತ್ತು ಶ್ರೋಣಿಯ ಒಳಸ್ನಾಯುಗಳಿಗೆ ಬಲ ನೀಡುವುದು ಇದರ ತಿರುಳು.

ಯೋಗ ಪ್ರಾಚೀನವಾದರೂ ಇಂದು ಜಗತ್ತಿನಾದ್ಯಂತ ಕಲಿಸುವ ಆಸನ ಕ್ರಮಗಳಲ್ಲಿ ಹಲವು, 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಗೆ ಋಣಿಯಾಗಿವೆ. ಆಸನದೊಂದಿಗೆ ಉಸಿರಾಟ, ಧ್ಯಾನ, ವಿಶ್ರಾಂತಿಯೂ ಸೇರಿರುವುದು ಯೋಗದ ವಿಶೇಷ.

ಬೆಂಗಳೂರಿನ ಅಧ್ಯಯನ

ಗರ್ಭಾವಸ್ಥೆಯ ಯೋಗದ ಕುರಿತು ಕರ್ನಾಟಕದಲ್ಲೇ ಗಮನಾರ್ಹ ಅಧ್ಯಯನ ನಡೆದಿದೆ. ಬೆಂಗಳೂರಿನ ಗುಣಶೀಲ ಆಸ್ಪತ್ರೆಗೆ ತಪಾಸಣೆಗೆ ಬರುತ್ತಿದ್ದ 335 ಗರ್ಭಿಣಿಯರ ಮೇಲೆ ನಡೆದ ಈ ಅಧ್ಯಯನದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. 18ರಿಂದ 20ನೇ ವಾರದಲ್ಲಿ ಆರಂಭಿಸಿ 169 ಮಂದಿ ಹೆರಿಗೆಯವರೆಗೆ ದಿನಕ್ಕೆ ಒಂದು ಗಂಟೆ ಯೋಗ ಮಾಡಿದರು. ಉಳಿದ 166 ಮಂದಿ ದಿನಕ್ಕೆರಡು ಬಾರಿ ಅರ್ಧ ಗಂಟೆ ನಡೆದರು. ಯೋಗ ಮಾಡಿದವರಲ್ಲಿ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕದ ಶಿಶುಗಳ ಜನನ ಹೆಚ್ಚಿತ್ತು. ಅವಧಿಪೂರ್ವ ಹೆರಿಗೆ ಕಡಿಮೆಯಿತ್ತು. ಆದರೆ ಗುಂಪುಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿರಲಿಲ್ಲವಾದ್ದರಿಂದ ಇದನ್ನೇ ಅಂತಿಮ ಪುರಾವೆ ಎನ್ನಲಾಗದು.

ಪಿಲಾಟೆಸ್ ಕುರಿತ ಅಧ್ಯಯನಗಳು ಇನ್ನೂ ಕಡಿಮೆ, ಚಿಕ್ಕವು. ಆದರೂ ಶ್ರೋಣಿಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮದಿಂದ, ಕೆಮ್ಮಿದಾಗ ಅಥವಾ ಸೀನಿದಾಗ ಮೂತ್ರ ಸೋರುವ ತೊಂದರೆ ತಗ್ಗುತ್ತದೆ ಎಂಬುದಕ್ಕೆ ಆಧಾರವಿದೆ. ಈ ವ್ಯಾಯಾಮಕ್ಕೆ ಯಂತ್ರವೇನೂ ಬೇಡ.

ಯಾವುದು ಬೇಡ?

ಗರ್ಭ ಬೆಳೆದಂತೆ ಬೆನ್ನ ಮೇಲೆ ಬಹಳ ಹೊತ್ತು ಮಲಗಿದರೆ ಗರ್ಭಕೋಶದ ಭಾರವು ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ತಲೆಸುತ್ತು ಬರಬಹುದು. ಪಿಲಾಟೆಸ್‌ನ ಅನೇಕ ವ್ಯಾಯಾಮಗಳು ಅಂಗಾತ ಮಲಗಿಯೇ ಮಾಡುವಂಥವು. ಯೋಗದ ಶವಾಸನವೂ ಹಾಗೆಯೇ. ಇಂತಹವನ್ನು ಎಡಮಗ್ಗುಲಿಗೆ ಮಲಗಿ ಅಥವಾ ದಿಂಬಿಗೆ ಒರಗಿ ಮಾಡಬೇಕು. ಹೊಟ್ಟೆಯ ಮೇಲೆ ಒತ್ತಡ ಬೀಳುವ ಧನುರಾಸನ, ಬೀಳುವ ಭಯವಿರುವ ಶೀರ್ಷಾಸನ, ಉಸಿರು ಬಿಗಿಹಿಡಿಯುವ ಕುಂಭಕ ಮತ್ತು ಕಪಾಲಭಾತಿ ಬೇಡ. ಬಿಸಿ ಕೋಣೆಯಲ್ಲಿ ನಡೆಸುವ ಯೋಗ, ಪಿಲಾಟೆಸ್ ಎರಡೂ ವರ್ಜ್ಯ. ಈ ಅವಧಿಯಲ್ಲಿ ಹಾರ್ಮೋನುಗಳಿಂದ ಕೀಲುಗಳು ಸಡಿಲವಾಗುವುದರಿಂದ ಅತಿಯಾಗಿ ಮೈ ಚಾಚುವುದೂ ಅಪಾಯಕರ.

ತೀವ್ರ ರಕ್ತಹೀನತೆ, ನಿಯಂತ್ರಣಕ್ಕೆ ಬಾರದ ರಕ್ತದೊತ್ತಡ, ಗರ್ಭಕೋಶದ ಬಾಯಿಯನ್ನು ಮುಚ್ಚಿದ ಮಾಸು, ಗರ್ಭಕಂಠದ ಹೊಲಿಗೆ, ಅವಧಿಪೂರ್ವ ಹೆರಿಗೆಯ ಸೂಚನೆ ಇದ್ದವರು ವೈದ್ಯರನ್ನು ಕೇಳದೆ ಯಾವುದನ್ನೂ ಆರಂಭಿಸಬಾರದು. ಅಭ್ಯಾಸದ ನಡುವೆ ರಕ್ತಸ್ರಾವ, ನೀರು ಹೋಗುವುದು, ಎದೆನೋವು, ತಲೆಸುತ್ತು ಅಥವಾ ಬಿಟ್ಟುಬಿಟ್ಟು ಹೊಟ್ಟೆನೋವು ಕಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ತವರಿಗೆ ಹೊರಡುವ ಮುನ್ನ

ಯಂತ್ರೋಪಕರಣಗಳ ಪಿಲಾಟೆಸ್‌ಗೆ ಒಗ್ಗಿದವರಿಗೆ ಸಣ್ಣ ಊರುಗಳಲ್ಲಿ ಅದರ ಅನುಕೂಲ ಸಿಗುವುದು ಕಷ್ಟ. ಚಾಪೆಯ ಮೇಲೆ, ಗೋಡೆಯ ಆಸರೆಯಲ್ಲಿ ಮಾಡಬಹುದಾದ ನಾಲ್ಕಾರು ಅಭ್ಯಾಸಗಳನ್ನು ಶಿಕ್ಷಕರಿಂದ ಮೊದಲೇ ಕಲಿತು, ಯಾವ ತಿಂಗಳಿಗೆ ಯಾವುದು ಎಂದು ಬರೆಸಿಕೊಂಡು ಬರುವುದು ಜಾಣತನ. ಹೊಸದಾಗಿ ಆರಂಭಿಸುವವರು ಮೊಬೈಲ್ ವಿಡಿಯೊ ನೋಡಿ ಕಲಿಯುವುದಕ್ಕಿಂತ ಗರ್ಭಿಣಿಯರಿಗೆ ಕಲಿಸಿದ ಅನುಭವವಿರುವ ಯೋಗ ಶಿಕ್ಷಕರನ್ನು ಹುಡುಕುವುದು ಒಳಿತು. ಅದೂ ಸಾಧ್ಯವಾಗದಿದ್ದರೆ ತಂಪು ಹೊತ್ತಿನ ನಡಿಗೆಯಿದೆ. ನಡೆಯುವಾಗ ಏದುಸಿರಿಲ್ಲದೆ ಮಾತನಾಡಲು ಆಗುವಂತಿದ್ದರೆ ಶ್ರಮ ಮಿತಿಯಲ್ಲಿದೆ ಎಂದರ್ಥ. ಮನೆಗೆಲಸವೂ ಚಟುವಟಿಕೆಯೇ, ಆದರೆ ಉಸಿರಿನ ಶಿಸ್ತು, ಶ್ರೋಣಿಯ ಸ್ನಾಯುಗಳ ಬಲ ಅದರಿಂದಲೇ ಬಾರದು.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ವ್ಯವಸ್ಥೆ 2016ರಲ್ಲಿ ಜಾರಿಗೆ ಬಂದಿದೆ. ಊರು ಬದಲಿಸಿದವರು ತಾಯಿ ಕಾರ್ಡ್ ಹಾಗೂ ಹಳೆಯ ವರದಿಗಳೊಂದಿಗೆ ಅಂದು ವೈದ್ಯರನ್ನು ಕಂಡು, ಮಾಡುತ್ತಿರುವ ಅಭ್ಯಾಸವನ್ನು ವಿವರಿಸಿ ಒಪ್ಪಿಗೆ ಪಡೆಯಬಹುದು. ಯೋಗವಾಗಲಿ, ಪಿಲಾಟೆಸ್ ಆಗಲಿ, ಹೆರಿಗೆಯ ದಿನದವರೆಗೂ ಇರುವ ಊರಿನಲ್ಲೇ ಸುರಕ್ಷಿತವಾಗಿ ನಡೆಸಿಕೊಂಡು ಹೋಗಬಹುದಾದ ಅಭ್ಯಾಸವೇ ಆಕೆಗೆ ಸರಿಯಾದ ಆಯ್ಕೆ.