ದಪ್ಪ ಅಕ್ಷರದ ಮೆಲುದನಿ

ನಾವು ಓದುವುದಕ್ಕೆ ಮೊದಲೇ ಅಕ್ಷರಗಳು ನಮ್ಮೊಡನೆ ಮಾತನಾಡಿರುತ್ತವೆ. ಮದುವೆಯ ಕರೆಯೋಲೆಯನ್ನೂ ನ್ಯಾಯಾಲಯದ ನೋಟಿಸನ್ನೂ ಸಿನಿಮಾ ಭಿತ್ತಿಪತ್ರವನ್ನೂ ಒಂದು ಪದ ಓದದೆಯೇ ದೂರದಿಂದ ಗುರುತಿಸುತ್ತೇವೆ. ಹಾಗೆ ದೂರದಿಂದ ಕೂಗಿ ಕರೆಯಲೆಂದೇ ಹುಟ್ಟಿದವು ಶೀರ್ಷಿಕೆಯ ದಪ್ಪ ಅಕ್ಷರಗಳು. ಆದರೆ ಕೂಗುವವರೆಲ್ಲ ಒರಟರಾಗಬೇಕಿಲ್ಲ ಎಂಬುದನ್ನು ತೋರಿಸಿಕೊಟ್ಟ ಇಂಗ್ಲಿಷ್ ಅಕ್ಷರಮಾದರಿಯೊಂದು ನನ್ನನ್ನು ಬಹುಕಾಲದಿಂದ ಸೆಳೆದಿದೆ. ಅದರ ಹೆಸರು ಕೂಪರ್ ಬ್ಲ್ಯಾಕ್.

ಅದನ್ನು ರೂಪಿಸಿದವರು ಅಮೆರಿಕದ ಷಿಕಾಗೊ ನಗರದಲ್ಲಿ ಜಾಹೀರಾತುಗಳಿಗೆ ಅಕ್ಷರ ಬರೆದು ಬದುಕಿದ ಆಸ್ವಾಲ್ಡ್ ಕೂಪರ್ (1879–1940). 1922ರಲ್ಲಿ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ಸಂಸ್ಥೆ ಅದನ್ನು ಸೀಸದಲ್ಲಿ ಎರಕ ಹೊಯ್ದು ಮಾರುಕಟ್ಟೆಗೆ ತಂದಿತು. ಸಂಪ್ರದಾಯಸ್ಥ ಮುದ್ರಕರು ಮೂಗು ಮುರಿದರು. ಜಾಹೀರಾತುದಾರರು ಮುಗಿಬಿದ್ದು ಕೊಂಡರು.

ಇಂಗ್ಲಿಷ್ ಅಕ್ಷರಗಳ ರೇಖೆಯ ತುದಿಯಲ್ಲಿ ಚಾಚಿಕೊಂಡಿರುವ ಪುಟ್ಟ ಪಾದವನ್ನು ಸೆರಿಫ್ ಎನ್ನುತ್ತಾರೆ. ಅನೇಕ ಅಕ್ಷರಮಾದರಿಗಳಲ್ಲಿ ಅದು ಚೂಪಾಗಿ, ಕೆತ್ತಿದಂತಿರುತ್ತದೆ. ಕೂಪರ್ ಅದನ್ನು ಉಂಡೆಯಂತೆ ದುಂಡಗಾಗಿಸಿದರು. ಎಲ್ಲಿಯೂ ಮೊನೆಯಿಲ್ಲ. ‘ಓ’ ಅಕ್ಷರ ತುಸು ಹಿಂದಕ್ಕೆ ವಾಲಿ, ಊಟ ಮುಗಿಸಿ ಒರಗಿ ಕುಳಿತವರಂತೆ ಕಾಣುತ್ತದೆ. ಸಾಲಿನ ಕೆಳಗಿಳಿಯುವ ಬಾಲಗಳು ಮೋಟಾದ್ದರಿಂದ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ಇಷ್ಟು ಭಾರ ಹೊತ್ತೂ ಗದರದ ಅಕ್ಷರ ಅಪರೂಪ.

ಆದ್ದರಿಂದಲೇ ಸ್ನೇಹದ ದನಿ ಬೇಕಾದವರು ಮತ್ತೆ ಮತ್ತೆ ಅದನ್ನು ಹುಡುಕಿಕೊಂಡು ಹೋದರು. 1966ರಲ್ಲಿ ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ ಧ್ವನಿಮುದ್ರಿಕೆಯ ಹೊದಿಕೆ, 1968ರಿಂದ 1977ರವರೆಗೆ ಬಿಬಿಸಿ ಬಿತ್ತರಿಸಿದ ಹಾಸ್ಯ ಧಾರಾವಾಹಿ ‘ಡ್ಯಾಡ್ಸ್ ಆರ್ಮಿ’ಯ ಶೀರ್ಷಿಕೆ, 1995ರಲ್ಲಿ ಆರಂಭವಾದ ಅಗ್ಗದ ವಿಮಾನಸಂಸ್ಥೆ ಈಸಿಜೆಟ್‌ನ ಕಿತ್ತಳೆ ಬಣ್ಣದ ಹೆಸರು ಎಲ್ಲವೂ ಅದರಲ್ಲಿಯೇ ಮೂಡಿದವು. ಆದರೆ ಅದೇ ಅಕ್ಷರದಲ್ಲಿ ಔಷಧದ ಎಚ್ಚರಿಕೆಯನ್ನು ಸಣ್ಣದಾಗಿ ಅಚ್ಚು ಹಾಕಿದರೆ ಓದುವುದು ಪ್ರಯಾಸವಾಗುತ್ತದೆ. ಅಕ್ಷರದ ಒಳಗಿನ ಬಯಲನ್ನು ಮಸಿ ನುಂಗಿಬಿಡುತ್ತದೆ. ಓದಿಸುವುದು ಕಪ್ಪು ರೇಖೆಯಷ್ಟೇ ಅಲ್ಲ, ಅದು ಬಿಟ್ಟುಕೊಟ್ಟ ಬಿಳಿಯೂ ಹೌದು.

ಈ ಮಾತು ಕನ್ನಡಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ ಎಂಬುದು ನನ್ನ ಅನಿಸಿಕೆ. ನಮ್ಮಲ್ಲಿ ‘ದ’ಕಾರವನ್ನು ‘ಧ’ಕಾರದಿಂದ ಬೇರ್ಪಡಿಸುವುದು ತಳದ ಒಂದು ಸಣ್ಣ ಸೀಳು ಮಾತ್ರ. ಗೆರೆ ಮಿತಿಮೀರಿ ಉಬ್ಬಿ ಆ ಸೀಳು ಮುಚ್ಚಿಹೋದರೆ ‘ಧನ’ ‘ದನ’ವಾಗುತ್ತದೆ, ‘ಮಧ್ಯ ಕರ್ನಾಟಕ’ ‘ಮದ್ಯ ಕರ್ನಾಟಕ’ವಾಗಿಬಿಡುತ್ತದೆ. ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿಯುವುದರಿಂದ ಕೂಪರ್ ಬ್ಲ್ಯಾಕ್‌ನಂತೆ ಸಾಲುಗಳನ್ನು ಒತ್ತರಿಸುವ ಅನುಕೂಲವೂ ನಮಗಿಲ್ಲ.

ಗಣಕಯಂತ್ರದಲ್ಲಿ ‘ಬೋಲ್ಡ್’ ಗುಂಡಿ ಒತ್ತಿದಾಗ, ಆ ಅಕ್ಷರಮಾದರಿಗೆ ಪ್ರತ್ಯೇಕ ದಪ್ಪರೂಪ ಇಲ್ಲದಿದ್ದರೆ, ತಂತ್ರಾಂಶವು ಇದ್ದ ಗೆರೆಯನ್ನೇ ಯಾಂತ್ರಿಕವಾಗಿ ಊದಿಸುತ್ತದೆ. ಅದಕ್ಕೆ ‘ಧ’ಕಾರದ ಸೀಳಿನ ಬೆಲೆ ತಿಳಿಯದು. ಕೂಪರ್ ಊದಿಸಲಿಲ್ಲ, ದಪ್ಪ ಅಕ್ಷರದ ಪ್ರತಿಯೊಂದು ತಿರುವನ್ನೂ ಹೊಸದಾಗಿ ಯೋಚಿಸಿ ಬರೆದರು. ಕನ್ನಡದ ದಪ್ಪ ಅಕ್ಷರವೂ ಹಾಗೆಯೇ ಬಿಡಿಬಿಡಿಯಾಗಿ ಕೈಯಿಂದ ತಿದ್ದಿಸಿಕೊಳ್ಳಬೇಕು. ಅದಕ್ಕೆ ತಗಲುವ ಕಾಲವನ್ನೂ ಹಣವನ್ನೂ ದುಂದು ಎಂದು ಭಾವಿಸಲಾಗದು.

ಅಂಗಡಿಯ ಫಲಕವಾದರೆ ತಪ್ಪು ಓದಿ ನಕ್ಕು ಮುಂದೆ ಸಾಗಬಹುದು. ಆಸ್ಪತ್ರೆಯ ಸೂಚನೆ, ಹೆದ್ದಾರಿಯ ಎಚ್ಚರಿಕೆ, ಸರ್ಕಾರದ ಪ್ರಕಟಣೆಗಳಲ್ಲಿ ಅಷ್ಟು ಸಲೀಸಿಲ್ಲ. ಈಗಷ್ಟೇ ಅಕ್ಷರ ಕಲಿತವರೂ ಕಣ್ಣು ಮಂಜಾದ ಹಿರಿಯರೂ ಅಲ್ಲಿ ಅಂದಾಜಿನ ಮೇಲೆ ಓದುವಂತಾಗಬಾರದು. ದೊಡ್ಡ ದನಿಯಲ್ಲಿ ಹೇಳುವವನಿಗೆ ಸ್ಪಷ್ಟವಾಗಿ ಹೇಳುವ ಹೊಣೆಯೂ ಇರುತ್ತದೆ.