ಉಗ್ರತೆಯೂ ಔಷಧನಿರೋಧವೂ ಒಂದಾದಾಗ

2016ರಲ್ಲಿ ಚೀನಾ ದೇಶದ ಹಾಂಗ್‌ಝೌ ನಗರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಐವರು ರೋಗಿಗಳು ಅಸುನೀಗಿದರು. ಐವರೂ ತೀವ್ರ ಗಾಯಗಳಿಗಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದವರು. ಅವರೆಲ್ಲರನ್ನೂ ಕಾಡಿದ್ದು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಒಂದೇ ಬ್ಯಾಕ್ಟೀರಿಯಾ.

ಇದು ಹೊಸ ಜೀವಿಯಲ್ಲ. ಅನೇಕರ ಕರುಳಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸಿಸುವಂಥದು. ಆದರೆ ಇದರಲ್ಲಿ ಎರಡು ಅಪಾಯಕರ ತಳಿಗಳುಂಟು. 1980ರ ದಶಕದಲ್ಲಿ ತೈವಾನಿನಲ್ಲಿ ಗುರುತಿಸಲಾದ ಉಗ್ರ ತಳಿಯು ಆರೋಗ್ಯವಂತರ ಯಕೃತ್ತಿನಲ್ಲಿಯೂ ಕೀವು ತುಂಬಿಸುತ್ತದೆ. ಆದರೆ ಅದು ಬಹುತೇಕ ಔಷಧಗಳಿಗೆ ಮಣಿಯುತ್ತಿತ್ತು. ಆಸ್ಪತ್ರೆಗಳಲ್ಲಿ ನೆಲೆಸಿದ ನಿರೋಧಕ ತಳಿಯು ಕೊನೆಯ ಅಸ್ತ್ರವೆನಿಸಿದ ಕಾರ್ಬಪೆನೆಮ್ ಔಷಧಗಳಿಗೂ ಜಗ್ಗದು. ಆದರೆ ಅದು ಹೆಚ್ಚಾಗಿ ದುರ್ಬಲರನ್ನಷ್ಟೇ ಕಾಡುತ್ತಿತ್ತು. ಹಾಂಗ್‌ಝೌವಿನಲ್ಲಿ ಈ ಎರಡು ಗುಣಗಳೂ ಒಂದೇ ರೋಗಾಣುವಿನಲ್ಲಿ ಕೂಡಿದ್ದವು.

ಇದು ಸಾಧ್ಯವಾದುದು ಹೇಗೆ? ಬ್ಯಾಕ್ಟೀರಿಯಾಗಳಲ್ಲಿ ಮುಖ್ಯ ವರ್ಣತಂತುವಲ್ಲದೆ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳೂ ಇರುತ್ತವೆ. ಅವು ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ದಾಟಬಲ್ಲವು. ನೆರೆಮನೆಯಿಂದ ತಂದ ಒಂದು ಹನಿ ಹೆಪ್ಪು ಪಾತ್ರೆಯ ಹಾಲನ್ನೆಲ್ಲ ಮೊಸರಾಗಿಸುವಂತೆ, ಹೊರಗಿನಿಂದ ಬಂದ ಒಂದು ಉಂಗುರವು ಆ ಜೀವಿಯ ಹಾಗೂ ಅದರ ಸಂತತಿಯ ಗುಣವನ್ನೇ ಬದಲಿಸುತ್ತದೆ.

ಸಾಮಾನ್ಯ ಕಲ್ಚರ್ ಪರೀಕ್ಷೆಯು ರೋಗಾಣುವಿನ ಹೆಸರನ್ನೂ, ಯಾವ ಔಷಧಕ್ಕೆ ಅದು ಬಗ್ಗುವುದೆಂಬುದನ್ನೂ ಹೇಳುತ್ತದೆ. ಅದರ ಉಗ್ರತೆಯ ಮೂಲವನ್ನು ಹೇಳಲಾರದು. ಐವರ ರೋಗಾಣುಗಳ ಜೀನೋಮನ್ನು ಓದಿ ಹೋಲಿಸಿದಾಗ ಎರಡು ಸಂಗತಿಗಳು ತಿಳಿದುಬಂದವು. ಅವೆಲ್ಲವೂ ಒಂದೇ ಮೂಲದಿಂದ ಹರಡಿದವು. ಆ ನಿರೋಧಕ ತಳಿಯು ಸುಮಾರು 1,70,000 ಅಕ್ಷರಗಳಷ್ಟು ಉದ್ದದ ಉಗ್ರತೆಯ ಪ್ಲಾಸ್ಮಿಡನ್ನು ಪಡೆದುಕೊಂಡಿತ್ತು.

ಇದರ ವಿಲೋಮವೂ ನಡೆಯುತ್ತಿದೆ. ಉಗ್ರ ತಳಿಯೇ ನಿರೋಧಕ ಜೀನ್‌ಗಳನ್ನು ಪಡೆಯುತ್ತಿರುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2024ರ ಜುಲೈನಲ್ಲಿ ಎಚ್ಚರಿಸಿತು. ಉಗ್ರ ತಳಿಯ ಇರವನ್ನು ವರದಿ ಮಾಡಿದ ದೇಶಗಳಲ್ಲಿ ಭಾರತವೂ ಒಂದು.

ನಾವು ಆಯುರ್ವೇದ ವೈದ್ಯರು. ಆದರೂ ಒಂದು ಮಾತನ್ನು ನಿಸ್ಸಂಕೋಚವಾಗಿ ಹೇಳಬೇಕಾಗಿದೆ. ಚಳಿಜ್ವರದೊಡನೆ ಬಲಗಡೆಯ ಪಕ್ಕೆಲುಬಿನ ಕೆಳಗೆ ನೋವಿದ್ದರೆ, ಅದರಲ್ಲಿಯೂ ಮಧುಮೇಹಿಗಳಾಗಿದ್ದರೆ, ಕಷಾಯ ಕುಡಿಯುತ್ತ ದಿನ ಕಳೆಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ನೆಗಡಿಗೆಂದು ಔಷಧದಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದು ಸಲ್ಲದು. ಅದು ನಿರುಪದ್ರವಿ ಜೀವಿಗಳನ್ನು ಕೊಂದು ನಿರೋಧಕಗಳಿಗೆ ಎಡೆ ಮಾಡಿಕೊಡುತ್ತದೆ. ರೋಗಿಯನ್ನು ನೋಡಲು ಹೋದವರು ಮುಟ್ಟುವ ಮುನ್ನವೂ ಮುಟ್ಟಿದ ನಂತರವೂ ಸೋಪಿನಿಂದ ಕೈ ತೊಳೆಯಬೇಕು. ರೋಗಾಣುಗಳು ತಮ್ಮತಮ್ಮಲ್ಲಿ ನಡೆಸುವ ಕೊಡುಕೊಳ್ಳುವಿಕೆಯನ್ನು ನಾವು ತಡೆಯಲಾರೆವು. ಆದರೆ ಅವು ನಮ್ಮ ಕೈಗಳ ಮೂಲಕ ಮಂಚದಿಂದ ಮಂಚಕ್ಕೆ ದಾಟುವುದನ್ನು ಖಂಡಿತವಾಗಿಯೂ ತಡೆಯಬಲ್ಲೆವು.